ಹುಲುಗಪ್ಪ ಹೆಗಲು ಕೊಟ್ಟ ಸುರಂಗ

ಇಸವಿ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ, ಮಣಿಕಲ್ಲು ಎಂಬ ನಮ್ಮದೇ ಊರಿನಲ್ಲಿ, ಹುಲುಗಪ್ಪನೆಂಬ ಗಣಿಯಾಳು ಇದ್ದನಂತೆ. ಊರಿಗೆ ಊರೇ ನೆಲದೊಳಗಿಳಿದು ಚಿನ್ನದ ಅದಿರು ಒಡೆಯುತ್ತಿದ್ದ ಕಾಲವದು. ಬಂಡೆಗೆ ಕಿವಿಯಿಟ್ಟರೆ ಅದರಾಚೆ ನೀರಿದೆಯೋ ಪೊಳ್ಳಿದೆಯೋ ಅವನು ಹೇಳಿಬಿಡುತ್ತಿದ್ದನಂತೆ. ಒಮ್ಮೆ ಗಣಿಯ ಸೂರು ಜರಿದಾಗ, ಎಲ್ಲರೂ ತೆವಳಿ ಹೊರಬರುವವರೆಗೆ ತೊಲೆಯನ್ನು ಬೆನ್ನ ಮೇಲೆ ಹೊತ್ತು ನಿಂತನಂತೆ. ಒಂದು ರೊಟ್ಟಿ ತಿನ್ನುವಷ್ಟು ಹೊತ್ತು ಎನ್ನುವವರಿದ್ದಾರೆ, ಹಗಲೆಲ್ಲ ಎನ್ನುವವರೂ ಇದ್ದಾರೆ. ಹೊತ್ತದ್ದಂತೂ ನಿಜ.

ಆಗ ನಮ್ಮ ನಾಯಕನ ಕೋಟೆಗೆ ಶತ್ರುಗಳು ಮುತ್ತಿಗೆ ಹಾಕಿದರು. ಗೋಡೆ ಜಗ್ಗದಿರಲು, ಅದರ ಬುಡಕ್ಕೆ ಸುರಂಗ ಕೊರೆದು ಮದ್ದು ತುಂಬಿ ಸಿಡಿಸಲು ಹೊಂಚಿದರು. ನೆಲವನ್ನು ಬಲ್ಲವರು ಬೇಕೆಂದು ನಾಯಕ ಹೇಳಿಕಳುಹಿಸಿದ. ಹುಲುಗಪ್ಪ ಸೈನಿಕನಾಗಿ ಹೊರಟ. ಕತ್ತಿ ಕಟ್ಟಿಕೊಂಡ ಗಂಡನನ್ನು ನೋಡಿ ದುರುಗವ್ವ ನಕ್ಕಳಂತೆ: "ಗಣಿಯಾಗ ಬಗ್ಗಿ ಬಗ್ಗಿ ಬೆನ್ನು ಡೊಂಕಾಗೇತಿ. ಕತ್ತಿ ನೆಲಾ ಕೆರೀತೈತಿ, ಎತ್ತಿ ಹಿಡ್ಕೊಂಡು ನಡೀರಿ!"

ಕೋಟೆಯೊಳಗೆ ಅವನು ನೆಲಕ್ಕೆ ಕಿವಿಯಿಟ್ಟು ಶತ್ರುಗಳ ಸುರಂಗವನ್ನು ಪತ್ತೆ ಹಚ್ಚಿದ. ಇತ್ತಲಿಂದ ತಾನೂ ಕೊರೆಯುತ್ತ ಹೋದ. ನಡುವೆ ತೆಳ್ಳನೆಯ ಮಣ್ಣಿನ ಗೋಡೆಯಷ್ಟೇ ಉಳಿಯಿತು. ಅದರಾಚೆ ಕೆಮ್ಮು ಕೇಳಿಸಿತು. ಕಲ್ಲಿನ ಪುಡಿ ನುಂಗಿದವರ ಕೆಮ್ಮು. ಅವರು ಬಿಳಿಗುಂಡಿ ಎಂಬ ಊರಿನ ಗಣಿಯಾಳುಗಳು, ಶತ್ರುಗಳು ಹಿಡಿದು ತಂದವರು.

ಅವರ ಸಮೇತ ಸುರಂಗವನ್ನು ಕೆಡವಿಬಿಡೆಂದು ದಳವಾಯಿ ಆಜ್ಞಾಪಿಸಿದ. ಹುಲುಗಪ್ಪ ಒಪ್ಪಲಿಲ್ಲ.

"ಮ್ಯಾಲೆ ಬಂದು ನಿಂತ್ರ ಕಡೀತೀನಿ, ಧಣಿ. ಮಣ್ಣೊಳಗಿರೋರನ್ನ ಮುಚ್ಚೋದು ನಮ್ಮ ಗಣಿ ಮಂದಿಯಾಗ ಇಲ್ಲ."

"ಕೋಟೆ ಹೋದ್ರ ನಿನ್ನ ತಲೀನೂ ಹೋಗ್ತೈತಿ!"

"ಕೋಟೆ ಹೋಗಾಂಗಿಲ್ಲ. ಸುರಂಗ ಬೀಳ್ತೈತಿ. ಅವರು ಹೊರಗ ಹೋದ ಮ್ಯಾಲೆ ಬೀಳ್ತೈತಿ."

ಹಾಗೆಂದವನೇ ಗೋಡೆಯೊಡೆದು ಒಬ್ಬನೇ ಒಳನುಗ್ಗಿದ. "ಸೂರು ಕೆಡವಾಕತ್ತೀನಿ, ಓಡ್ರಲೇ!" ಎಂದು ಕೂಗಿದ. "ಕೋಟೆಯವಗ ನಮ್ಮ ಮ್ಯಾಲ ಎಷ್ಟ್ ಪ್ರೀತಿ ನೋಡ್ರಲೇ!" ಎಂದು ಯಾರೋ ಗೇಲಿ ಮಾಡಿದರಂತೆ. ಹುಲುಗಪ್ಪ ತನ್ನ ಪಕ್ಕದ ಆಸರೆಗಂಬಕ್ಕೆ ಸುತ್ತಿಗೆ ಬೀಸಿದ. ಅವನ ಬೆನ್ನ ಹಿಂದೆ ಮಣ್ಣು ಕುಸಿದು ಕೋಟೆಯ ದಾರಿ ಮುಚ್ಚಿತು. ಗೇಲಿ ನಿಂತಿತು; ಎಲ್ಲರೂ ಓಡಿದರು. ಒಬ್ಬ ಮುದುಕ ಮಾತ್ರ ಕಾಲು ಸಿಕ್ಕಿ ಬಿದ್ದ. ಸೂರು ಬಾಯಿಬಿಡುತ್ತಿತ್ತು. ಹುಲುಗಪ್ಪ ತೊಲೆಗೆ ಹೆಗಲು ಕೊಟ್ಟ. ಮುದುಕ ತೆವಳುತ್ತ ಬೆಳಕಿಗೆ ಹೋದ. ತೊಲೆ ಹಿಡಿದಿರುವವರೆಗೆ ಸುರಂಗ ಬೀಳದು, ಸುರಂಗ ಬೀಳದೆ ಕೋಟೆ ಉಳಿಯದು. ಆಮೇಲೆ ಅವನೇ ಹೆಗಲು ಸರಿಸಿದ ಎನ್ನುತ್ತಾರೆ.

ಮೇಲೆ ಗೋಡೆ ಅಲುಗಲಿಲ್ಲ. ಬಿಳಿಗುಂಡಿಯವರು ಗುದ್ದಲಿಗಳನ್ನು ಎಸೆದು, ಇನ್ನು ಕೊಂದರೂ ಕೊರೆಯುವುದಿಲ್ಲವೆಂದು ಕುಳಿತುಬಿಟ್ಟರು. ಅಗೆಯುವವರಿಲ್ಲದೆ ಶತ್ರುಗಳು ಡೇರೆ ಕಿತ್ತರು.

ಆ ಮುದುಕ ಕುಂಟುತ್ತ ಮಣಿಕಲ್ಲಿಗೆ ಬಂದು ದುರುಗವ್ವನಿಗೆ ನಡೆದದ್ದನ್ನೆಲ್ಲ ಹೇಳಿದ. ಅವಳು ಒಂದೇ ಮಾತು ಕೇಳಿದಳಂತೆ.

"ಎಲ್ಲಾರೂ ಹೊರಗ ಬಂದ್ರಾ?"

"ಬಂದ್ವಿ, ತಾಯಿ."

"ಹಂಗಾರ ಏಳಪ್ಪ, ಕೈಕಾಲು ತೊಳಕೋ. ಉಣ್ಣಾಕ ನೀಡ್ತೀನಿ."

ಇಂದಿಗೂ ಬಿಳಿಗುಂಡಿಯ ಪ್ರತಿ ಮನೆಯಲ್ಲೂ ಒಬ್ಬ ಹುಲುಗಪ್ಪನಿದ್ದಾನೆ. ಓಣಿಯಲ್ಲಿ ನಿಂತು ಕೂಗಿದರೆ ಅರ್ಧ ಊರು ತಿರುಗಿ ನೋಡುತ್ತದೆ. ನಮ್ಮ ಮಣಿಕಲ್ಲಿನಲ್ಲಿ ಮಾತ್ರ ಯಾವ ಮಗುವಿಗೂ ಆ ಹೆಸರಿಡುವುದಿಲ್ಲ. ಮಕ್ಕಳೆಂದ ಮೇಲೆ ಬೈಯಬೇಕಾಗುತ್ತದೆ, ಆ ಹೆಸರು ಹಿಡಿದು ಬೈಯಲು ನಮ್ಮವರ ನಾಲಿಗೆ ಏಳುವುದಿಲ್ಲ. ಬಿಳಿಗುಂಡಿಗೆ ಕೊಟ್ಟ ನಮ್ಮ ಹೆಣ್ಣುಮಕ್ಕಳ ಕೂಸುಗಳು ಅಜ್ಜಿಯ ಮನೆಗೆ ಬಂದು ಗಡಿಗೆ ಒಡೆಯುತ್ತವೆ, ಹಾಲು ಚೆಲ್ಲುತ್ತವೆ. ಅಜ್ಜಿ ಕೋಲೆತ್ತಿಕೊಂಡು, "ಲೇ ಹುಲುಗಪ್ಪಾ" ಎನ್ನುತ್ತಾಳೆ. ಅಷ್ಟಕ್ಕೇ ಕೈ ಕೆಳಗಿಳಿಯುತ್ತದೆ.