ಹಲ್ಲಿಯ ಸಮೀಕ್ಷೆ

ಕೆರೆ ಮುಚ್ಚಿಸಿ ಅರಮನೆ ಕಟ್ಟಬೇಕೆಂದು ಸಿಂಹಕ್ಕೆ ಆಸೆಯಾಯಿತು. ಪ್ರಜೆಗಳ ಅಭಿಪ್ರಾಯ ತಿಳಿಯಲು ಹೋದ ಆಮೆ ಮೂರು ತಿಂಗಳು ನಡೆದು, ಒಂದೊಂದು ಕಪ್ಪೆಯನ್ನೂ ಮಾತಾಡಿಸಿ ಬಂತು. "ಬೇಡವೆನ್ನುತ್ತವೆ, ಪ್ರಭು. ಮುಚ್ಚಿದರೆ ಸತ್ತೇ ಹೋಗುತ್ತವೆ."

ಮಂತ್ರಿ ನರಿ ನಕ್ಕಿತು. "ಆಮೆಯವರೇ, ಈ ಕಾಲದಲ್ಲೂ ನಡೆದು ಕೇಳುವುದೇ? ನಮ್ಮ ಹಲ್ಲಿ ಎಲ್ಲರ ಗೋಡೆಯ ಮೇಲೂ ಕೂತು ಎಲ್ಲರ ಮಾತನ್ನೂ ಕೇಳಿದೆ. ಡೇಟಾ ಪೂರ್ತಿ ಅದರಲ್ಲೇ ಇದೆ." ಗೋಡೆಯತ್ತ ತಿರುಗಿ, "ಕೆರೆ ಮುಚ್ಚಿದರೆ ಕಪ್ಪೆಗಳಿಗೆ ಸಂತೋಷ," ಎಂದಿತು.

ಹಲ್ಲಿ ಲೊಚಗುಟ್ಟಿತು. ಸಿಂಹ ನೆಲ ಕುಟ್ಟಿ, "ಸತ್ಯ, ಸತ್ಯ," ಎಂದಿತು.

ಆಮೆಯೂ ಗೋಡೆಯತ್ತ ತಿರುಗಿತು. "ನಮ್ಮ ಪ್ರಭುಗಳು ಕತ್ತೆ."

ಹಲ್ಲಿ ಅಷ್ಟೇ ಶ್ರದ್ಧೆಯಿಂದ ಲೊಚಗುಟ್ಟಿತು.

ಸಿಂಹ ನರಿಯ ಮುಖ ನೋಡಿತು. "ಅದು ಆಮೆಯ ಪ್ರಶ್ನಾವಳಿಯ ದೋಷ, ಪ್ರಭು," ಎಂದಿತು ನರಿ.

ಸಿಂಹಕ್ಕೆ ನೆಮ್ಮದಿಯಾಯಿತು. ಆಮೆಯನ್ನು ಕೆಲಸದಿಂದ ತೆಗೆದು, ಕೆರೆ ಮುಚ್ಚುವ ಆದೇಶಕ್ಕೆ ಪಂಜಾ ಒತ್ತಿತು.