ಲ್ಯಾಪ್‌ಟಾಪಿಗೆ ಕಂಬಳಿ ಹೊದಿಸಿದ ರಾಜ

ಹತ್ತಿರ ಬನ್ನಿ ಮಕ್ಕಳೇ, ಕಾಲು ಮಡಚಿಕೊಂಡು ಕೂತ್ಕೊಳ್ಳಿ. ಬೆಟ್ಟದಾಚೆ ಒಂದು ರಾಜ್ಯ. ಅಲ್ಲಿ ವೀರಮಲ್ಲ ಅಂತ ಒಬ್ಬ ರಾಜ ಇದ್ದ. ಹೆಸರೇನೋ ವೀರಮಲ್ಲ. ಆದರೆ ಕುದುರೆ ಹತ್ತಿದವನಲ್ಲ, ಕತ್ತಿ ಹಿಡಿದವನಲ್ಲ. ಹಾಸಿಗೆ ಮೇಲೆ ಬೋರಲು ಮಲಗಿ ಲ್ಯಾಪ್‌ಟಾಪಿನಲ್ಲಿ ಯುದ್ಧದ ಆಟ ಆಡೋನು. ಬೆಳಿಗ್ಗೆ ಒಂದು ಕೋಟೆ ಗೆಲ್ಲೋನು, ಮಧ್ಯಾಹ್ನ ಇನ್ನೊಂದು ಗೆಲ್ಲೋನು, ಸಂಜೆಗೆ ಎರಡನ್ನೂ ಕಳಕೊಂಡು ಊಟ ಬೇಡ ಅನ್ನೋನು.

ಆ ಲ್ಯಾಪ್‌ಟಾಪು ಅವನದಲ್ಲ, ರಾಣಿ ಹೊನ್ನಾಜಮ್ಮಣ್ಣಿಯದು. ರಾಣಿ ಅದರಲ್ಲಿ ಸೀರೆ ಸೆರಗಿನ ಚಿತ್ರ ಬರೀತಿದ್ದಳು. ಆ ವರ್ಷ ಮಗಳ ಮದುವೆ. ಧಾರೆ ಸೀರೆಗೆ ಅಂತ ಹಂಸದ ಸಾಲು ಅರ್ಧ ಬರೆದಿಟ್ಟಿದ್ದಳು. ನೇಕಾರರು ಮಗ್ಗಕ್ಕೆ ರೇಷ್ಮೆ ಹೂಡಿಕೊಂಡು ಕಾಯ್ತಾ ಇದ್ದರು. ಚಿತ್ರ ಬರಬೇಕು, ಸೆರಗು ಏಳಬೇಕು.

ಅರಮನೆಯಲ್ಲಿ ಕೆಂಚಿ ಅಂತ ಒಂದು ಬೆಕ್ಕು. ಅವಳಿಗೆ ಸೀರೆಯ ಚಿಂತೆಯೂ ಇಲ್ಲ, ಕೋಟೆಯ ಚಿಂತೆಯೂ ಇಲ್ಲ. ಮಾಗಿ ಚಳಿಯಲ್ಲಿ ಹೊಟ್ಟೆ ಬೆಚ್ಚಗಿದ್ದರೆ ಸಾಕು. ರಾಜ ಆಟಕ್ಕೆ ಕೂತರೆ ಲ್ಯಾಪ್‌ಟಾಪಿನ ಪಕ್ಕದ ಕಿಂಡಿಯಿಂದ ಬಿಸಿಗಾಳಿ ಬರ್ತಿತ್ತು. ಆಹಾ! ಕೆಂಚಿ ಆ ಕಿಂಡಿಗೇ ಹೊಟ್ಟೆ ಒತ್ತಿಕೊಂಡು, ಕಣ್ಣು ಮುಚ್ಚಿ, ಗುರ್ರ್ ಅಂತಿದ್ದಳು. ಒಲೆ ಮುಂದೆ ಕೂತರೆ ಅಡುಗೆಯವಳು ಗದರ್ತಾಳೆ. ಇಲ್ಲಿ ಗದರೋರೇ ಇಲ್ಲ.

ಒಂದು ದಿನ ಲ್ಯಾಪ್‌ಟಾಪು ಭರ್ರ್ ಅಂತ ಕಿರುಚಿಕೊಂಡಿತು. ರಾಜ ಬೆಚ್ಚಿದ.

“ಏನೇ ಕೆಂಚಿ, ಹಿಂಗೆ ಕಿರುಚ್ತದಲ್ಲ! ಆಟದ ಬಿಸಿಗೆ ಕೆಟ್ಟುಹೋಗ್ತದಾ?”

ಆಟ ನಿಂತರೆ ಬೆಚ್ಚನೆ ಜಾಗ ಬಿಟ್ಟು ಎದ್ದು ಹೋಗಬೇಕಾಗ್ತದಲ್ಲಪ್ಪಾ ಅಂತ ಕೆಂಚಿಗೆ ಸಂಕಟ. “ಕೆಡೋದೇನು ಬುದ್ಧೀ! ನೀವು ಕೋಟೆ ಗೆದ್ದಿರಲ್ಲ, ಅದಕ್ಕೆ ಹಾಡ್ತಾ ಇದೆ” ಅಂದಳು.

ರಾಜನ ಮೀಸೆ ಕುಣೀತು. ಆಡಿದ.

ಮಾರನೆ ದಿನ ಆಟ ತಡವರಿಸೋಕೆ ಶುರುವಾಯ್ತು. ಪರದೆ ಮೇಲಿನ ಸೈನಿಕ ಕಾಲೆತ್ತಿದರೆ ಇಳಿಸೋಕೆ ಒಂದು ಯುಗ.

“ಇದ್ಯಾಕೇ ಹಿಂಗೆ ತೆವಳ್ತದೆ?”

“ನಿಮ್ಮ ಮುಂದೆ ಯಾರು ಬುದ್ಧೀ ಓಡಾಡೋರು? ಭಯ, ಭಕ್ತಿ!”

ರಾಜ ಹೌದು ಹೌದು ಅಂದ. ಆಡಿದ.

ಮೂರನೆ ದಿನ ಲ್ಯಾಪ್‌ಟಾಪು ಟಪ್ ಅಂತ ತಾನೇ ಆರಿಹೋಯ್ತು. ಮುಟ್ಟಿದರೆ ರೊಟ್ಟಿ ಹಂಚಿನ ಹಾಗೆ ಸುಡ್ತಿತ್ತು. ರಾಜನ ಮುಖ ಬಾಡಿತು. “ಕೆಂಚೀ, ರಾಣಿ ನನ್ನ ಸುಮ್ನೆ ಬಿಡ್ತಾಳೇನೇ?”

“ಮಗು ಮಲಗಿದೆ ಬುದ್ಧೀ. ಕಂಬಳಿ ಹೊದಿಸಿ” ಅಂದಳು ಕೆಂಚಿ. ರಾಜ ಹೊದಿಸಿದ. ಕೆಂಚಿ ತಾನೂ ಒಳಗೆ ನುಸುಳಿಕೊಂಡಳು.

ರಾಣಿ ಚಿತ್ರ ಮುಗಿಸೋಣ ಅಂತ ಬಂದಳು. ಕಂಬಳಿ ಎತ್ತಿ ಲ್ಯಾಪ್‌ಟಾಪಿನ ಗುಂಡಿಗೆ ಬೆರಳಿಟ್ಟಳು. ಒತ್ತಿದಳು, ಏಳಲಿಲ್ಲ. ಮತ್ತೆ ಒತ್ತಿದಳು, ಏಳಲಿಲ್ಲ. ಅವಳ ಕಣ್ಣಲ್ಲಿ ನೀರೇ ಬಂತು.

“ಅಲ್ಲಾ ರೀ, ಇದರೊಳಗೆ ಮಗಳ ಸೆರಗು ಇದೆ. ಯಾರು ಕಂಬಳಿ ಹೊದಿಸಿ ಅಂದೋರು?”

“ಕೆಂಚಿ ಅಂದಳು. ಮಗು ಮಲಗಿದೆಯಂತೆ” ಅಂದ ರಾಜ, ಮೆತ್ತಗೆ.

ರಾಣಿ ಕಿಂಡಿ ನೋಡಿದಳು. ಕೆಂಚಗಿನ ಕೂದಲು ಬತ್ತಿ ಹೊಸೆದ ಹಾಗೆ ತುಂಬಿಕೊಂಡಿತ್ತು. ಸಂಗತಿ ತಿಳೀತು. ಕಣ್ಣೊರೆಸಿಕೊಂಡು ನಕ್ಕಳು.

“ಇಷ್ಟು ತಿಳಿದವಳು ನೀನು, ಕೆಂಚಮ್ಮ! ಕಂಡಕಂಡಲ್ಲಿ ಮಲಗಬಹುದಾ? ನಿಂಗೊಂದು ಬೆಚ್ಚನೆ ಮನೆ ಮಾಡಿಸ್ತೀನಿ.”

ಮರದ ಪೆಟ್ಟಿಗೆ ಬಂತು. ಒಳಗೆ ಅರಳೆ ತುಂಬಿದರು. ನಡುವೆ ಬಿಸಿನೀರಿನ ತಂಬಿಗೆ ಇಟ್ಟರು. ಕೆಂಚಿ ಕರೆಯೋ ಮುಂಚೆಯೇ ಹಾರಿ ಕೂತಳು. ಅರಳೆ ಒಳಗೆ ಕತ್ತಿನವರೆಗೂ ಹುದುಗಿದಳು. ಸ್ವರ್ಗ!

“ಆ ಮುಚ್ಚಳ ತನ್ನಿ, ಬಿಗಿಯಾಗಿ ಮುಚ್ಚೋಣ” ಅಂದಳು ರಾಣಿ.

“ಮುಚ್ಚಳ ಯಾಕೆ ತಾಯೀ?” ಅಂದಳು ಕೆಂಚಿ.

“ಬಿಸಿ ಆಚೆ ಹೋಗದಿರಲಿ ಅಂತ.”

“ಒಂದೇ ಒಂದು ಕಿಂಡಿ ಬಿಡಿಸಿ ತಾಯೀ.”

“ಕಿಂಡಿ ಯಾಕೆ? ಬಿಸಿ ಸೋರಿಹೋಗಲ್ವಾ?”

“ಸೋರಲೇಬೇಕಲ್ಲ ತಾಯೀ! ಬಿಸಿ ಹೋಗೋಕೆ ದಾರಿ ಇಲ್ಲದಿದ್ದರೆ ಒಳಗಿರೋರು ಬೆಂದುಹೋಗಲ್ವಾ…”

ಅಂದಳು. ಅಂದಮೇಲೆ ನಾಲಗೆ ಕಚ್ಚಿಕೊಂಡಳು. ರಾಜ ಪೆಟ್ಟಿಗೆ ನೋಡಿದ, ಕಂಬಳಿ ನೋಡಿದ, ಲ್ಯಾಪ್‌ಟಾಪಿನ ಕಿಂಡಿಯಲ್ಲಿದ್ದ ಕೆಂಚಿಯ ಕೂದಲು ನೋಡಿದ.

“ಎಲಾ ಇವಳ! ನಿಂಗೆ ಗೊತ್ತಿತ್ತೇನೇ?”

ಕೆಂಚಿ ಅರಳೆಯೊಳಗೆ ಮುಖ ಮುಚ್ಚಿಕೊಂಡಳು. “ನಂಗೆ ಚಳಿ ಬುದ್ಧೀ.”

“ಅವಳಿಗೆ ಚಳಿ. ನಿಮಗೇನಾಗಿತ್ತು?” ಅಂದಳು ರಾಣಿ. ರಾಜ ತಲೆ ತಗ್ಗಿಸಿ ಕಂಬಳಿ ಮಡಚೋಕೆ ಶುರುಮಾಡಿದ.

ರಿಪೇರಿಯವನು ಬಂದ. ಕೂದಲು ತೆಗೆದ. ಬ್ಯಾಟರಿ ಹಪ್ಪಳದ ಹಾಗೆ ಉಬ್ಬಿತ್ತು, ಅದನ್ನ ಕಿತ್ತು ಹೊಸದು ಹಾಕಿದ. ಪರದೆ ಹೊತ್ತಿಕೊಂಡಿತು. ಹಂಸಗಳು ಹಾಗೇ ಇದ್ದವು, ಸದ್ಯ!

“ಆಟ ಆಡಿದರೆ ಕೆಡ್ತದೇನಪ್ಪಾ?” ಅಂದ ರಾಜ.

“ಆಡಿದರೆ ಬಿಸಿಯಾಗ್ತದೆ ಮಹಾಸ್ವಾಮಿ. ತೀರಾ ಬಿಸಿಯಾದರೆ ಮೊದಲು ನಿಧಾನ ಆಗ್ತದೆ, ಆಮೇಲೆ ತಾನೇ ಆರ್ತದೆ, ಜೀವ ಉಳಿಸ್ಕೊಳ್ಳೋಕೆ. ಉಸಿರು ಕಟ್ಟಿಸಿ ದಿನಾ ಬೇಯಿಸಿದರೆ ಮಾತ್ರ ಸವೆದು ಕೆಡ್ತದೆ.”

ಅವತ್ತಿನಿಂದ ಲ್ಯಾಪ್‌ಟಾಪು ಮಣೆ ಮೇಲೆ. ಮೊದಲು ರಾಣಿಯ ಚಿತ್ರ, ಆಮೇಲೆ ರಾಜನ ಆಟ. ಸೆರಗಿನಲ್ಲಿ ಹಂಸಗಳು ಸಾಲಾಗಿ ಎದ್ದವು, ಮದುವೆ ಆಯ್ತು. ರಾಜ ಕೋಟೆ ಸೋತು ಬುಸುಗುಟ್ಟೋದು ಮಾತ್ರ ನಿಲ್ಲಲಿಲ್ಲ. ಆಗ ರಾಣಿ ಜಗಲಿ ಕಡೆ ಕೈ ತೋರಿಸೋಳು. “ನೀವೂ ಬಿಸಿಯಾಗಿದ್ದೀರಿ. ಹೋಗಿ ಗಾಳಿಗೆ ಕೂತ್ಕೊಳ್ಳಿ.” ರಾಜ ತೆಪ್ಪಗೆ ಹೋಗಿ ಕೂರೋನು.

ತಿಳೀತಾ ಮಕ್ಕಳೇ? ದುಡಿದರೂ ಬಿಸಿಯಾಗ್ತದೆ, ಆಡಿದರೂ ಬಿಸಿಯಾಗ್ತದೆ, ಅದಕ್ಕೆ ಹೆದರಬೇಡಿ. ಬಿಸಿ ಹೊರಗೆ ಹೋಗೋ ದಾರಿ ಮಾತ್ರ ಮುಚ್ಚಬೇಡಿ. ಇನ್ನೊಂದು, ಯಾರಾದರೂ ಬುದ್ಧಿ ಹೇಳೋಕೆ ಬಂದರೆ, ಅವರು ಎಲ್ಲಿ ಬೆಚ್ಚಗೆ ಕೂತು ಹೇಳ್ತಿದ್ದಾರೆ ಅಂತ ಒಂದು ಸಲ ನೋಡಿಕೊಳ್ಳಿ.