ಅರ್ಧ ದರದ ಶಸ್ತ್ರಚಿಕಿತ್ಸೆ

ಪಶುವೈದ್ಯರ ಚಿಕಿತ್ಸಾಲಯವಿದ್ದ ಕಟ್ಟಡದ ಮಾಲೀಕರು ಸಾಂಬಶಿವಯ್ಯನವರು. ಜೊತೆಗೆ ಕರೆತಂದಿದ್ದ ತಮ್ಮ ಹೆಣ್ಣುನಾಯಿ ಭೈರವಿಯ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಆರು ಸಾವಿರವೆಂದು ಅಲ್ಲಿನ ಕಾಂಪೌಂಡರ್ ಹೇಳುತ್ತಲೇ ಅವನ ಮೇಜು ಗುದ್ದಿದರು.

"ಒಂದು ಗೀರು, ನಾಲ್ಕು ಹೊಲಿಗೆ. ಅದಕ್ಕೆ ಆರು ಸಾವಿರವೇ? ಮೂರಕ್ಕೆ ಮುಗಿಸಯ್ಯ. ಇಲ್ಲವಾದರೆ ನಾಳೆ ನೀನು ಈ ಕುರ್ಚಿಯಲ್ಲಿರುವುದಿಲ್ಲ."

ಕಾಂಪೌಂಡರ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ದರ ಇಳಿಸಿದರೆ ವೈದ್ಯರು ಅಷ್ಟನ್ನೂ ಅವನ ಸಂಬಳದಿಂದಲೇ ಕಡಿಯುತ್ತಾರೆ. ಇಳಿಸದಿದ್ದರೆ ಸಂಬಳವೇ ಇಲ್ಲ. ಥಟ್ಟನೆ ಉಪಾಯ ಹೊಳೆಯಿತು.

"ಆಗಲಿ ಸ್ವಾಮಿ. ಕೊಯ್ಯುವ ಕೂಲಿ ಕಡಿಮೆಯೇ. ದುಬಾರಿಯಾದದ್ದು ಪ್ರಜ್ಞೆ ತಪ್ಪಿಸುವ ಮದ್ದು, ಅದು ಇಳಿಯುವವರೆಗಿನ ಆರೈಕೆ. ಅವೆರಡನ್ನೂ ಹೊಡೆದುಹಾಕಿದರೆ ಸರಿಯಾಗಿ ಮೂರಾಗುತ್ತದೆ."

"ಹಾಗೆ ಬಾ ದಾರಿಗೆ."

"ತಾವು ಮಾತ್ರ ಮುಗಿಯುವತನಕ ಇವಳ ಬಾಯಿ ಹಿಡಿದುಕೊಂಡಿರಬೇಕು."

"ನಾನೇಕೆ? ನೀನು ಹಿಡಿ."

"ನಾನು ಕಾಲು ಹಿಡಿಯುತ್ತೇನೆ ಸ್ವಾಮಿ. ಬಾಯಿಗೆ ಗುರುತಿನವರೇ ಬೇಕು."

ಅದೇ ಹೊತ್ತಿಗೆ ಭೈರವಿ ದೀರ್ಘವಾಗಿ ಆಕಳಿಸಿತು. ಸಾಂಬಶಿವಯ್ಯನವರು ಆ ಹಲ್ಲುಗಳನ್ನು ಒಂದೊಂದಾಗಿ ನೋಡಿದರು. ಕೈ ತಾನಾಗಿ ಜೇಬಿಗಿಳಿಯಿತು. ಆರು ಸಾವಿರವೂ ಮೇಜಿನ ಮೇಲೆ ಬಂತು.

ಆಮೇಲೆ ಬಾಗಿಲಾಚೆ ಸರಿದು ನಿಂತು, ತಗ್ಗಿದ ದನಿಯಲ್ಲಿ ಕೇಳಿದರು: "ಪೂರ್ತಿ ಕೊಟ್ಟವರು ಹೊರಗೇ ನಿಲ್ಲಬಹುದಲ್ಲವೇನಯ್ಯಾ?"